ಪಿಎಚ್‌ಡಿ ವಿಭಾಗ ಕಾಯಬೇಕಾದದ್ದು ದಿನಾಂಕಗಳನ್ನು

ಅಥಣಿಯಿಂದಲೋ ರಾಯಬಾಗದಿಂದಲೋ ಬೆಳಗಾವಿಗೆ ಒಂದು ಸಹಿಗಾಗಿ ಬಂದುಹೋಗುವ ಸಂಶೋಧನಾರ್ಥಿಗೆ ಇಡೀ ದಿನ ಕಳೆದುಹೋಗುತ್ತದೆ. ಹಲವರು ಅತಿಥಿ ಉಪನ್ಯಾಸಕರು, ಆ ದಿನದ ದುಡಿಮೆಯೂ ಹೋದಂತೆ. ಹಾಗಾಗಿ ವಿಶ್ವವಿದ್ಯಾಲಯದ ಪಿಎಚ್‌ಡಿ ವಿಭಾಗ ಚೆನ್ನಾಗಿದೆಯೇ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಗಡುವಿಗೆ ಮುಂಚೆ ವಿದ್ಯಾರ್ಥಿಗೆ ಫೋನ್ ಹೋಯಿತೇ?

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮಾವಳಿಯಂತೆ ಪಿಎಚ್‌ಡಿ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಎಣಿಕೆ ಪ್ರವೇಶದ ದಿನದಿಂದ, ವಿಷಯ ಒಪ್ಪಿಗೆಯಾದ ದಿನದಿಂದಲ್ಲ. ಲೆಕ್ಕ ತಪ್ಪುವುದೇ ಇಲ್ಲಿ. ಮರುನೋಂದಣಿಯಾದರೆ ಇನ್ನೂ 2 ವರ್ಷ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2. ಹೆರಿಗೆ, ಶಿಶುಪಾಲನೆಗೆ ಒಟ್ಟು 240 ದಿನಗಳವರೆಗೆ ರಜೆ ಕೊಡಬಹುದು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಂತೂ ಈ ಅಂಕಿಗಳು ಪ್ರತಿ ವಿಷಯ ನಿರ್ವಾಹಕರ ನಾಲಗೆ ತುದಿಯಲ್ಲಿರಬೇಕು. ರಜೆ ಅರ್ಜಿ ಗೈಡ್ ಮೇಜಿನಲ್ಲೇ ಉಳಿದು ಕಡತ ಸೇರದಿದ್ದರೆ, ಆಮೇಲೆ ಅದನ್ನು ಸಾಬೀತು ಮಾಡುವ ಹೊಣೆ ಪಾಪ, ಆ ತಾಯಿಯದೇ.

ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಹಣ ನಿಂತಾಗ ಎಲ್ಲರೂ ದಿಲ್ಲಿ ಕಡೆ ಬೆರಳು ತೋರಿಸುತ್ತಾರೆ. ಮೊದಲು ನೋಡಬೇಕಾದದ್ದು ಇಲ್ಲಿಯದೇ ಲಾಗಿನ್. ಈ ಹಣ ಪಾವತಿಯ ಕೆನರಾ ಬ್ಯಾಂಕ್ ಪೋರ್ಟಲ್‌ನಲ್ಲಿ ಪ್ರತಿ ತಿಂಗಳು ವಿಶ್ವವಿದ್ಯಾಲಯದ ಒಬ್ಬರು ('ಮೇಕರ್') ದಾಖಲಿಸಬೇಕು, ಇನ್ನೊಬ್ಬರು ('ಚೆಕರ್') ಒಪ್ಪಬೇಕು. ಒಬ್ಬರು ರಜೆ ಹೋದರೂ ಆ ತಿಂಗಳು ಖಾಲಿ. ಎರಡು ವರ್ಷವಾದ ಮೇಲೆ ಮೌಲ್ಯಮಾಪನ ಸಮಿತಿಯ ವರದಿ ಪೋರ್ಟಲ್‌ಗೆ ಏರದಿದ್ದರೆ ತಿಂಗಳ 37,000 ರೂಪಾಯಿ 42,000 ಆಗುವುದಿಲ್ಲ. ಹೊರಗಿನ ತಜ್ಞರ ದಿನಾಂಕ ಹೊಂದಿಸಲು 22ನೇ ತಿಂಗಳಲ್ಲೇ ಪತ್ರ ಬರೆಯುವುದು ಒಳ್ಳೆಯದು.

ಕನ್ನಡ ಮಹಾಪ್ರಬಂಧದ ತಾಪತ್ರಯ ಬೇರೆಯೇ. ಇಂದಿಗೂ ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟ್‌ನಲ್ಲೇ ಟೈಪ್ ಆಗುತ್ತದೆ. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಬರೀ ರೋಮನ್ ಚಿಹ್ನೆಗಳ ರಾಶಿ. ಕೃತಿಚೌರ್ಯ ತಪಾಸಣೆಯಲ್ಲಿ ಅಂಥ ಕಡತಕ್ಕೆ ಶೇ 0 ಬಂದರೂ ಅದಕ್ಕೆ ಬೆಲೆಯಿಲ್ಲ. ಕೊನೇ ವಾರದಲ್ಲಿ, ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಪರಿವರ್ತಿಸಲು ಹೋದರೆ ಅರ್ಕಾವತ್ತು ಜಾಗ ತಪ್ಪುತ್ತದೆ, ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ, ಅಡಿಟಿಪ್ಪಣಿ ಸಂಖ್ಯೆಗಳೂ ಕೆಡುತ್ತವೆ. 300 ಪುಟ ಮತ್ತೆ ಓದಬೇಕು.

ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. 10ರಿಂದ 40 ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಇದ್ದರೆ ವರ್ಷದವರೆಗೆ ಸಲ್ಲಿಸುವಂತಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಿಸಿದ ಸಾಲುಗಳು ಲೆಕ್ಕಕ್ಕೆ ಬರುವುದಿಲ್ಲ. ಆದರೆ ವಚನಗಳನ್ನು ಉದ್ಧರಣ ಚಿಹ್ನೆಯಿಲ್ಲದೆ ಇಳಿಸಿದರೆ ತಂತ್ರಾಂಶ ಅವನ್ನೂ ನಕಲಿನ ಪಟ್ಟಿಗೆ ಸೇರಿಸಬಹುದು. ವಚನ ಸಾಹಿತ್ಯದ ಪ್ರಬಂಧಗಳಲ್ಲಿ ಇದನ್ನು ಕಚೇರಿಯೇ ಮೊದಲು ಎಚ್ಚರಿಸಬೇಕು.

ಕೋರ್ಸ್‌ವರ್ಕ್ (ಪಿಎಚ್‌ಡಿಯ ಆರಂಭದ ಪಾಠಗಳು) ನಡೆಯುವಾಗಲೇ ಒಂದು ಮಧ್ಯಾಹ್ನ ಕೂರಿಸಿಕೊಂಡು ನುಡಿಯನ್ನು ಯೂನಿಕೋಡ್‌ಗೆ ಬದಲಿಸುವುದನ್ನು ತೋರಿಸಿ. ಕೀಲಿಮಣೆ ಅದೇ, ಬೆರಳಿನ ರೂಢಿ ಬಿಡಬೇಕಿಲ್ಲ. ಮೊದಲ ಅಧ್ಯಾಯ ಮುಗಿದ ಕೂಡಲೇ ಅದೊಂದನ್ನೇ ತಪಾಸಣೆಗೆ ಹಾಕಿಸಿ, ವರದಿಯನ್ನು ಗೈಡ್ ಮತ್ತು ವಿದ್ಯಾರ್ಥಿ ಇಬ್ಬರಿಗೂ ಇಮೇಲ್ ಮಾಡಿ.