ಕಪ್ಪಿಗೆ ಐವತ್ತು ಕಾಳು

ನಾನು ಕೇಳಿದ್ದು ಕಪುಚಿನೊ. ಬಂದದ್ದು ಅಂಗೈಯಲ್ಲಿ ಮುಚ್ಚಿಹೋಗುವಂಥ ಪುಟ್ಟ ಕಪ್ಪಿನಲ್ಲಿ ಎರಡು ಗುಟುಕು ಕಾಫಿ, ಮೇಲೆ ಒಂದಿಷ್ಟು ನೊರೆ. ನಾನು ಓದುತ್ತಿರುವ ಪಾದುವಾದಲ್ಲಿ ಇದೇ ಹೆಸರಿಗೆ ದೊಡ್ಡ ಕಪ್ಪಿನ ತುಂಬಾ ಹಾಲು ಕೊಡುತ್ತಾರೆ. ಹೊಸಬಳೆಂದು ಮೋಸ ಮಾಡಿದರೇ ಎಂದು ಅಕ್ಕಪಕ್ಕದವರ ಕಪ್ಪುಗಳನ್ನೆಲ್ಲ ಇಣುಕಿ ನೋಡಿದೆ. ಕಟ್ಟೆಗೆ ಒರಗಿ ನಿಂತಿದ್ದ ಅಜ್ಜ ಒಬ್ಬರು ನಕ್ಕು, ನನ್ನ ಅರೆಬರೆ ಇಟಾಲಿಯನ್‌ಗೆ ತಕ್ಕಂತೆ ನಿಧಾನವಾಗಿ ಬಿಡಿಸಿ ಹೇಳಿದರು. ತ್ರಿಯೆಸ್ತೆಯಲ್ಲಿ ಕಪುಚಿನೊ ಎಂದರೆ ಇಷ್ಟೇ. ದೊಡ್ಡದು ಬೇಕಾದರೆ ಕಾಫೆಲಾತ್ತೆ ಎನ್ನಬೇಕು. ಹಾಲೇ ಬೇಡವಾದರೆ ನೇರೊ. ಚೂರು ನೊರೆ ಹಾಕಿ ಗಾಜಿನ ಲೋಟದಲ್ಲಿ ಬೇಕಾದರೆ ‘ಕಾಪೊ ಇನ್ ಬಿ’. ಉಳಿದ ಇಟಲಿಯಲ್ಲಿ ಹೀಗೆ ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲವಂತೆ. ಅದನ್ನು ಹೇಳುವಾಗ ಅಜ್ಜನ ಮುಖದಲ್ಲಿ ಹೆಮ್ಮೆ ಇತ್ತು.

ಕೊಡಗಿನ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದಲ್ಲಿ ಬೆಳೆದವಳಿಗೆ ಕಾಫಿ ಕೇಳಲು ಬರಲಿಲ್ಲ. ಊರಿನಲ್ಲಿ ಇದನ್ನು ಹೇಳದಿರುವುದೇ ಒಳ್ಳೆಯದು.

ಪಾದುವಾ ವಿಶ್ವವಿದ್ಯಾಲಯಕ್ಕೆ ಓದಲು ಬಂದು ನಾಲ್ಕು ತಿಂಗಳಾಗಿತ್ತು. 1222ರಲ್ಲಿ ಆರಂಭವಾದ ವಿಶ್ವವಿದ್ಯಾಲಯ ಎಂದು ಅಮ್ಮ ನೆಂಟರಿಗೆಲ್ಲ ಹೇಳಿ ಮುಗಿಸಿದ್ದರು. ಜನವರಿಯ ಆ ಶನಿವಾರ ಸಹಪಾಠಿಗಳು ಮತ್ತೆ ವೆನಿಸ್‌ಗೆ ಹೊರಟರು. ನಾನು ಒಬ್ಬಳೇ ತ್ರಿಯೆಸ್ತೆಯ ರೈಲು ಹತ್ತಿದೆ. ಕಾರಣ ಅಪ್ಪ. ‘ನಮ್ಮ ಚೆರಿ ಇಟಲಿಗೆ ಹೋಗುತ್ತದೆ’ ಎಂದು ಅವರು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಚೆರಿ ಎಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಕುಶಾಲನಗರದ ಕಡೆಯ, ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಚೀಲ ಇಳಿಸಿ ಬಂದ ಮೇಲೆ ಅದು ಎಲ್ಲಿಗೆ ಹೋಯಿತೆಂದು ಅವರು ಕಂಡಿಲ್ಲ. ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವುದು ಇಟಲಿ ಎಂಬುದು ನಿಜ. ಆ ಇಟಲಿಯ ಕಾಫಿ ಬಂದರು ಯಾವುದೆಂದು ಹುಡುಕಿದರೆ ಮೊದಲು ಸಿಗುವ ಹೆಸರು ತ್ರಿಯೆಸ್ತೆ. 1719ರಲ್ಲಿ ಆಸ್ಟ್ರಿಯಾವನ್ನು ಆಳುತ್ತಿದ್ದ ಚಕ್ರವರ್ತಿ ಆರನೆಯ ಚಾರ್ಲ್ಸ್ ಇದನ್ನು ಸುಂಕವಿಲ್ಲದ ಬಂದರು ಎಂದು ಸಾರಿದ. ವಿಯೆನ್ನಾದವರು ಕುಡಿದ ಕಾಫಿಯೂ ಈ ದಾರಿಯಲ್ಲೇ ಹೋಗುತ್ತಿತ್ತು.

ಮೆಸ್ತ್ರೆಯಲ್ಲಿ ರೈಲು ಬದಲಿಸಬೇಕಾಯಿತು. ತುಂಬಾ ಹೊತ್ತು ಬರೀ ಬಯಲು. ಕೊನೆಯ ಕಾಲು ಗಂಟೆಯಲ್ಲಿ ಬಲಗಡೆ ಇದ್ದಕ್ಕಿದ್ದಂತೆ ಸಮುದ್ರ, ಅದರ ಅಂಚಿನ ಬಂಡೆಯ ಮೇಲೆ ಬಿಳಿಯ ಮಿರಾಮಾರೆ ಅರಮನೆ. ಅದನ್ನು ಕಟ್ಟಿಸಿದ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ ಒಳಗಿನ ಕೆಲಸ ಮುಗಿಯುವ ಮೊದಲೇ ಮೆಕ್ಸಿಕೊದ ಚಕ್ರವರ್ತಿಯಾಗಲು ಹೋಗಿ, 1867ರಲ್ಲಿ ಅಲ್ಲೇ ಗುಂಡಿಗೆ ಬಲಿಯಾದ. ಇದ್ದ ಮನೆಯಲ್ಲಿ ಸುಮ್ಮನೆ ಕೂರಬಾರದಿತ್ತೇ ಎನ್ನಿಸಿತು. ಹೀಗೆನ್ನುವ ನಾನು ಸುಂಟಿಕೊಪ್ಪ ಬಿಟ್ಟು ಇಲ್ಲಿದ್ದೇನೆ ಎಂಬುದು ಬೇರೆ ಮಾತು.

ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಟೋಪಿ ಹಾರಿಹೋಯಿತು. ಬೋರಾ ಎಂಬ ಗಾಳಿ. ಬೆಟ್ಟದ ಮೇಲಿನ ಪ್ರಸ್ಥಭೂಮಿಯಿಂದ ತಣ್ಣಗೆ ಜಾರಿ ಸಮುದ್ರಕ್ಕೆ ನುಗ್ಗುತ್ತದೆ. ಗಂಟೆಗೆ 150 ಕಿಲೋಮೀಟರ್ ದಾಟಿದ ದಿನಗಳೂ ಇವೆಯಂತೆ. ಆಷಾಢದ ಗಾಳಿಗೆ ಸಿಲ್ವರ್ ಓಕ್ ಮರಗಳು ಉರುಳುವುದನ್ನು ನೋಡಿದವಳು ನಾನು, ಆದರೂ ಇದು ಬೇರೆ ಜಾತಿ. ನಮ್ಮ ಗಾಳಿ ಮಳೆಯನ್ನು ಹೊತ್ತು ತರುತ್ತದೆ. ಇದು ಬರಿಗೈಯಲ್ಲಿ ಬಂದು ತಳ್ಳುತ್ತದೆ. ಕಸದ ಡಬ್ಬಿಗಳಲ್ಲಿ ಮುರಿದ ಛತ್ರಿಗಳು ತಲೆಕೆಳಗಾಗಿ ನಿಂತಿದ್ದವು. ಮೂರು ಕಡೆ ಭವ್ಯ ಕಟ್ಟಡಗಳು, ನಾಲ್ಕನೆಯ ಕಡೆ ಸಮುದ್ರಕ್ಕೆ ತೆರೆದ ದೊಡ್ಡ ಚೌಕವನ್ನು ನಾನು ದಾಟಿದ್ದು ಬೆನ್ನು ಬಾಗಿಸಿಕೊಂಡೇ. ಹತ್ತಿರದ ಕಾಲುವೆಯ ಸೇತುವೆ ಮೇಲೆ ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ ಪ್ರತಿಮೆ ಮಾತ್ರ ಟೋಪಿಯನ್ನು ಕಳೆದುಕೊಳ್ಳದೆ ನಡೆಯುತ್ತಿತ್ತು.

ಗಾಳಿಯಿಂದ ತಪ್ಪಿಸಿಕೊಳ್ಳಲೆಂದೇ ಓಣಿಯಲ್ಲಿದ್ದ ಕಾಫಿ ಹುರಿಯುವ ಅಂಗಡಿಗೆ ನುಗ್ಗಿದೆ. ಒಳಗೆ ಹುರಿದ ಕಾಫಿಯ ಬಿಸಿ ಘಮ. ಅದರ ಕೆಳಗೆಲ್ಲೋ ಇನ್ನೊಂದು ವಾಸನೆ ಇತ್ತು: ಹಸಿ ಬೀಜದ್ದು, ಗೋಣಿಯದ್ದು, ನಮ್ಮ ಮನೆಯ ಉಗ್ರಾಣದ್ದು. ಗೋಡೆಯ ಬದಿಗೆ ಬಾಯಿ ಬಿಚ್ಚಿದ ನಾಲ್ಕೈದು ಗೋಣಿಚೀಲಗಳು. ಒಂದರ ಮೇಲೆ ‘ಇಂಡಿಯಾ ರೋಬಸ್ಟಾ’ ಎಂದು ಬರೆದ ಚೀಟಿ.

ಕೇಳಿ ಒಂದು ಕಾಳು ತೆಗೆದುಕೊಂಡೆ. ಬೂದು ಬಣ್ಣ, ಗುಂಡನೆಯ ಬೆನ್ನು, ನಡುವೆ ಸೀಳು. ಏನು ಮಾಡುತ್ತಿದ್ದೇನೆಂದು ಗೊತ್ತಾಗುವ ಮೊದಲೇ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದೆ. ಕಣದಲ್ಲಿ ಚೆರಿ ಒಣಗಿದೆಯೇ ಎಂದು ನೋಡುವುದು ಹಾಗೆಯೇ. ಸಿಪ್ಪೆಯೊಳಗೆ ಬೀಜ ಗಲಗಲ ಎಂದರೆ ಚೀಲಕ್ಕೆ ತುಂಬಬಹುದು. ಇಲ್ಲಿ ಸಿಪ್ಪೆಯೇ ಇರಲಿಲ್ಲ, ಸದ್ದು ಎಲ್ಲಿಂದ ಬರಬೇಕು? ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಇದು ನಮ್ಮ ಮನೆಯ ಬೆಳೆ ಎಂದೆ. ಇದೇ ಚೀಲದ್ದಲ್ಲ, ಇದರ ಜಾತಿಯದ್ದು ಎಂದು ತಿದ್ದಿಕೊಂಡೆ. ಎಸ್ಪ್ರೆಸೊದ ಮೇಲೆ ದಪ್ಪ ನೊರೆ ನಿಲ್ಲಬೇಕಾದರೆ ರೋಬಸ್ಟಾ ಬೆರೆಸಬೇಕು ಎಂದು ವಿವರಿಸಿ, ಮನೆಯಲ್ಲಿ ನೀವು ಹೇಗೆ ಕುಡಿಯುತ್ತೀರಿ ಎಂದು ಅವರು ಕುತೂಹಲದಿಂದ ಕೇಳಿದರು. ಒಳ್ಳೆಯದನ್ನೆಲ್ಲ ಮಾರಿ, ಗಿಡದ ಬುಡದಲ್ಲಿ ಹೆಕ್ಕಿದ್ದನ್ನು ಹುರಿದು, ಬೆಲ್ಲ ಹಾಕಿ ಕುದಿಸಿದ ಕರಿ ಕಾಫಿ ಎಂದು ಹೇಳುವಷ್ಟು ಇಟಾಲಿಯನ್ ನನಗೆ ಬರುವುದಿಲ್ಲ. ‘ಸಿಹಿಯಾಗಿ’ ಎಂದೆ.

ಅಪ್ಪನಿಗೆ ಫೋನು ಮಾಡಿದೆ. ಇಲ್ಲಿ ಮಧ್ಯಾಹ್ನ ಎರಡು, ಅಲ್ಲಿ ಸಂಜೆ ಆರೂವರೆ. ಅವರು ಕಣದಲ್ಲೇ ಇದ್ದರು. ಚೀಲದ ಕಡೆ ಕ್ಯಾಮೆರಾ ತಿರುಗಿಸಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

“ತೇವ ಎಷ್ಟಿದೆ ಕೇಳು” ಎಂದರು. ಆಮೇಲೆ, “ಒಂದು ಕಪ್ಪಿಗೆ ಎಷ್ಟು ಪುಡಿ ಹಾಕುತ್ತಾರೆ ಮಗಳೇ?”

ಏಳು ಗ್ರಾಂ ಎಂದೆ. ಸುಮಾರು ಐವತ್ತು ಕಾಳು.

“ಐವತ್ತು ಕಾಳು ಎಂದರೆ ಇಪ್ಪತ್ತೈದು ಹಣ್ಣು. ಒಂದು ಗೆಣ್ಣಿನ ಗೊಂಚಲು.” ಸ್ವಲ್ಪ ಹೊತ್ತು ಮಾತಿಲ್ಲ. “ಅದಕ್ಕೆ ಎಷ್ಟು ತೆಗೆದುಕೊಂಡರು?”

ನೂರು ರೂಪಾಯಿಗೂ ಮೇಲೆ ಎಂದು ನಾನು ಹೇಳುವ ಹೊತ್ತಿಗೆ ಅವರ ಗಮನ ಇಲ್ಲಿರಲಿಲ್ಲ. ಮುಖ ಮೇಲೆತ್ತಿ ಆಕಾಶ ನೋಡುತ್ತಿದ್ದರು. ಎಲ್ಲೋ ಅಮ್ಮ ಕೂಗಿದರು. “ಟಾರ್ಪಾಲು, ಆ ಕಡೆಯಿಂದ ಎಳೆಯಿರಿ, ಆ ಕಡೆಯಿಂದ!” ಫೋನು ಜೇಬಿಗೆ ಹೋಯಿತು, ಕರೆ ಕಡಿಯಲಿಲ್ಲ. ಕತ್ತಲೆಯ ಪರದೆಯನ್ನು ನೋಡುತ್ತಾ ನಾನು ಓಡುವ ಕಾಲುಗಳ ಸದ್ದು ಕೇಳಿದೆ, ಆಮೇಲೆ ಪ್ಲಾಸ್ಟಿಕ್ ಮೇಲೆ ಒಂದೊಂದೇ ಹನಿ, ಆಮೇಲೆ ರಪರಪ. ಜನವರಿಯಲ್ಲಿ ಮಳೆ. ಒಣಗಲು ಇನ್ನು ಎರಡೇ ಬಿಸಿಲು ಬಾಕಿಯಿದ್ದ ಚೆರಿ.

ಅಂಗಡಿಯವರು ಏನಾಯಿತೆಂದು ಕೇಳಿದರು. ಮಳೆ ಎಂದೆ. ಅವರು ಬಾಗಿಲಿನಾಚೆ ನೀಲಿ ಆಕಾಶವನ್ನು ನೋಡಿದರು.

ಕಾಲು ಕಿಲೋ ಪುಡಿ ಕೊಂಡು, ಸಂಜೆಯ ರೈಲು ಹಿಡಿದು ಪಾದುವಾಕ್ಕೆ ವಾಪಸಾದೆ. ಬೆಳಿಗ್ಗೆ ಎದ್ದಾಗ ಅಪ್ಪನ ಸಂದೇಶ ಬಂದಿತ್ತು. “ಒಂದು ಮೂಲೆ ಮಾತ್ರ ನೆನೆದಿದೆ. ಬರುವಾಗ ಕಾಫಿ ಪುಡಿ ಗಿಡಿ ಹೊತ್ತು ತರಬೇಡ, ಇಲ್ಲಿ ಬೇಕಾದಷ್ಟಿದೆ.”