ಸರ್ಚ್ ವಾರಂಟ್‌ನಲ್ಲಿ ತಪ್ಪಿದ್ದರೆ: ಆಕ್ಷೇಪಣೆ ಯಾವಾಗ, ಹೇಗೆ?

ವಾರಂಟ್‌ನಲ್ಲಿ ಮನೆ ನಂಬರ್ ತಪ್ಪಾಗಿದೆ, ಇನ್ನು ಕೇಸ್ ನಿಲ್ಲುವುದಿಲ್ಲ ಎಂದು ನಂಬಿಕೊಂಡವರು ಬಹಳ ಜನ. ಅದು ಅಪಾಯದ ನಂಬಿಕೆ. 1974ರಲ್ಲಿ ವರದಿಯಾದ ಪೂರಣ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಶೋಧನೆ ಅಕ್ರಮವಾಗಿತ್ತು ಎಂಬ ಒಂದೇ ಕಾರಣಕ್ಕೆ, ಸಿಕ್ಕ ವಸ್ತುವನ್ನು ಸಾಕ್ಷ್ಯದಿಂದ ಹೊರಗಿಡಲಾಗದು. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಕಲಂ 50ರ ಮೈ ತಪಾಸಣೆಯ ನಿಯಮ ಇದಕ್ಕಿಂತ ಬಿಗಿ. ಅದು ಬೇರೆಯೇ ಮಾತು.

ಹಾಗಾದರೆ ಯಾವ ತಪ್ಪಿಗೆ ಬೆಲೆ? ಹೆಸರಿನ ಕಾಗುಣಿತಕ್ಕಲ್ಲ. ಮ್ಯಾಜಿಸ್ಟ್ರೇಟರ ಸಹಿ ಅಥವಾ ಕೋರ್ಟಿನ ಮೊಹರು ಇಲ್ಲದಿದ್ದರೆ ಅದು ಗಟ್ಟಿ ಆಕ್ಷೇಪಣೆ. ಅಚ್ಚಾದ ನಮೂನೆಯಲ್ಲಿ ಅನ್ವಯಿಸದ ಸಾಲುಗಳನ್ನು ಹೊಡೆದುಹಾಕದೆ ಹಾಗೇ ಬಿಟ್ಟಿದ್ದರೆ, ಮ್ಯಾಜಿಸ್ಟ್ರೇಟರು ವಿಷಯ ಪರಿಶೀಲಿಸಿಯೇ ಆದೇಶ ಮಾಡಿದರೇ ಎಂದು ಕೇಳಬಹುದು. ಬೆಂಗಳೂರಿನಲ್ಲಿ ಹೆಚ್ಚು ಎಡವಟ್ಟಾಗುವುದು ವಿಳಾಸದಲ್ಲಿ. ಹಳೇ ನಂ. 37, ಹೊಸ ನಂ. 12, ಒಂದೇ ಬಡಾವಣೆಯಲ್ಲಿ ಮೇನ್‌ಗೊಂದು 2ನೇ ಕ್ರಾಸ್, ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು. ಮನೆ ಯಾವುದೆಂದು ಗೊಂದಲವೇ ಇಲ್ಲದಿದ್ದರೆ ನಂಬರಿನ ತಪ್ಪು ಸಣ್ಣದು. ವಾರಂಟ್ ಮೇಲಿನ ಮಹಡಿಗೆ ಮಾತ್ರ ಇದ್ದು ಕೆಳಮನೆ ಜಾಲಾಡಿದ್ದರೆ ಸಣ್ಣದಲ್ಲ.

ಪೊಲೀಸರನ್ನು ಅಡ್ಡಗಟ್ಟಬೇಡಿ, ಇನ್ನೊಂದು ಕೇಸ್ ಮೈಮೇಲೆ ಬರುತ್ತದೆ. ವಾರಂಟ್ ತೋರಿಸಿ ಎಂದು ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) ಕಲಂ 103ರಂತೆ, ವಾರಂಟ್ ಹಾಜರುಪಡಿಸಿದ ಮೇಲೆ ಒಳಗೆ ಬಿಡುವುದು ನಿಮ್ಮ ಹೊಣೆ. ಇಬ್ಬರು ಪಂಚರು, ಅಂದರೆ ಶೋಧನೆಗೆ ಸ್ವತಂತ್ರ ಸಾಕ್ಷಿಗಳು, ಬೇಕು. ಮನೆಯವರು ಶೋಧನೆಯ ಉದ್ದಕ್ಕೂ ಜೊತೆಗಿರಬಹುದು, ಜಪ್ತಿ ಪಟ್ಟಿಯ ಪ್ರತಿಯೂ ಸಿಗಬೇಕು. 2024ರ ಜುಲೈ 1ರಿಂದ ಕಲಂ 105ರಂತೆ ವಿಡಿಯೊ ಕಡ್ಡಾಯ. ಪ್ರತಿ ಪಡೆದದ್ದಕ್ಕೆ ಸಹಿ ಹಾಕುವಾಗ ಅದರ ಮೇಲೇ ಬರೆಯಿರಿ: "ವಾರಂಟ್‌ನಲ್ಲಿರುವುದು ಮೊದಲ ಮಹಡಿ, ಶೋಧಿಸಿದ್ದು ನೆಲಮಹಡಿ. ಬೆಳಿಗ್ಗೆ 7.40. ಆಕ್ಷೇಪಣೆ ಇದೆ." ಬರೆಯಲು ಬಿಡದಿದ್ದರೆ ಅಂದೇ ಠಾಣೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇಷ್ಟು ಅವಸರ ಏಕೆಂದರೆ, ಅದೇ ಸಂಹಿತೆಯ ಕಲಂ 511 ತಪ್ಪಿನಿಂದ ನ್ಯಾಯಕ್ಕೆ ಧಕ್ಕೆಯಾಯಿತೇ ಎಂದು ನೋಡುತ್ತದೆ. ಆಕ್ಷೇಪಣೆಯನ್ನು ಮೊದಲೇ ಎತ್ತಬಹುದಿತ್ತೇ ಎಂದೂ ನೋಡುತ್ತದೆ. ತೀರ್ಪಾದ ಮೇಲೆ ನೆನಪಾದ ತಪ್ಪಿಗೆ ಬಲ ಕಡಿಮೆ.

ಮುಂದಿನ ಕೆಲಸ ಕೋರ್ಟಿನಲ್ಲಿ ದಾಖಲೆಗಳ ನಕಲಿಗೆ ಅರ್ಜಿ. ವಾರಂಟ್, ತನಿಖಾಧಿಕಾರಿಯ ಕೋರಿಕೆ ಪತ್ರ, ಆರ್ಡರ್ ಶೀಟ್ ಮೂರನ್ನೂ ಕೇಳಿ, ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜಪ್ತಿಯಾದ ಫೋನ್, ಲ್ಯಾಪ್‌ಟಾಪ್ ಬಿಡಿಸಿಕೊಳ್ಳಲು ಕಲಂ 497 ಅಥವಾ 503ರ ಅರ್ಜಿಗೆ ಪಿ.ಎಫ್. ನಂಬರ್ (ಜಪ್ತಿ ವಸ್ತುಗಳ ಪ್ರಾಪರ್ಟಿ ಫಾರ್ಮ್ ಸಂಖ್ಯೆ) ಬೇಕಾಗುತ್ತದೆ. ಆದೇಶವೇ ಕಾನೂನುಬಾಹಿರ ಎನ್ನುವುದಾದರೆ ಕಲಂ 528ರಡಿ ಹೈಕೋರ್ಟ್. ಉಳಿದದ್ದು ಪಂಚರ ಪಾಟಿ ಸವಾಲಿನಲ್ಲಿ ಹೊರಬರಬೇಕು: ಯಾವ ಕೋಣೆ, ಯಾವ ಬೀರು, ಸೀಲ್ ಎಲ್ಲಿ ಹಾಕಿದರು.

ವಾರಂಟೇ ತರದೆ ಬಂದಿದ್ದರೆ ಮೊದಲು ಕಲಂ 185 ನೋಡಿ. ಅಧಿಕಾರಿ ಕಾರಣಗಳನ್ನು ಮೊದಲೇ ಬರೆದಿಟ್ಟು, ಅದರ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಅರ್ಜಿ ಹಾಕಿದರೆ ಮನೆಯವರಿಗೂ ಆ ಪ್ರತಿ ಉಚಿತ.