ಬಕೆಟ್ಟಿನ ಬಿಳಿ ಕಲೆ

ಮಂಗಳವಾರ ನಾನು ನರ್ಸರಿಗೆ ಹೋದದ್ದು ಜಗಳವಾಡಲೆಂದೇ. ಮೂರು ವರ್ಷದ ಹಿಂದೆ ಅಲ್ಲಿಂದ ತಂದ ಗಂಧರಾಜ ಈ ಸಲ ಬಿಟ್ಟ ಹನ್ನೊಂದು ಮೊಗ್ಗುಗಳಲ್ಲಿ ಒಂದೂ ಅರಳಲಿಲ್ಲ. ಈಗ ಚಿಗುರೆಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ಸಾಕ್ಷಿಗೆಂದು ರೆಂಬೆಯೊಂದನ್ನು ಮುರಿದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಅಲ್ಲಿದ್ದ ಹಿರಿಯರು ಅದನ್ನು ಮುಟ್ಟಲೂ ಇಲ್ಲ.

"ಬಚ್ಚಲುಮನೆಯ ಬಕೆಟ್ಟಿನಲ್ಲಿ ಬಿಳಿ ಕಟ್ಟಿದೆಯೇ, ತಾಯಿ?"

ಗಿಡ ತೋರಿಸಿದರೆ ಬಕೆಟ್ಟಿನ ವಿಚಾರ! ಆದರೆ ಕಟ್ಟಿದೆ, ಬಕೆಟ್ಟಿಗೆ, ಗೀಸರಿಗೆ, ನಲ್ಲಿಯ ಮೂತಿಗೆ. ಕುವೆಂಪುನಗರದ ನಮ್ಮ ಮನೆಯಲ್ಲಿ ಕಾವೇರಿ ನೀರು ಅಡುಗೆಗೆ, ಬಚ್ಚಲಿಗೂ ಗಿಡಗಳಿಗೂ ಬೋರ್‌ವೆಲ್ ನೀರು. ಚೀನಾ ಕಡೆಯಿಂದ ಬಂದ ಈ ಗಿಡಕ್ಕೋ ಹುಳಿ ಮಣ್ಣೇ ಆಗಬೇಕು, ರಸಸಾರ (pH) 5ರಿಂದ 6ರ ಆಸುಪಾಸು. ಬಕೆಟ್ಟಿಗೆ ಬಿಳಿ ಕಟ್ಟುವ ಆ ಸುಣ್ಣದ ನೀರು ಬಿದ್ದಷ್ಟೂ ಮಣ್ಣು ಕ್ಷಾರವಾಗಿ, ಅದರಲ್ಲಿರುವ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ.

"ಗೊಬ್ಬರ ಏನು ಹಾಕುತ್ತೀರಿ?" ಎಂದರು. ಮೊಟ್ಟೆ ಚಿಪ್ಪು, ಒಲೆ ಬೂದಿ ಎಂದೆ. ಎರಡೂ ಸುಣ್ಣದ ಕಡೆಯವೇ! ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಬೂದಿ ಬರುವುದು ಮಂಡ್ಯದ ಹತ್ತಿರದ ನಮ್ಮ ಹಳ್ಳಿಯಿಂದ. ಹೋದಾಗಲೆಲ್ಲ ಅಮ್ಮ ಅಕ್ಕಿ, ಬೆಲ್ಲದ ಜೊತೆ ಅದನ್ನೂ ಗಂಟು ಕಟ್ಟಿ ಕೊಡುತ್ತಾಳೆ. ನಾಲೆ ಬದಿಯ ಅವಳ ಹಿತ್ತಲಿನಲ್ಲಿ ಬೂದಿ ಕಂಡರೆ ಬದನೆ, ಬಾಳೆ ಹಿಗ್ಗುತ್ತವೆ. ಇಲ್ಲಿ ಎಲೆ ಬಣ್ಣಗೆಟ್ಟಾಗಲೆಲ್ಲ ನಾನು ಇನ್ನೊಂದು ಹಿಡಿ ಸುರಿದೆ. ಪಕ್ಕದ ಮನೆಯವರು ದೃಷ್ಟಿಯಾಗಿದೆಯೆಂದು ಕಾಂಡಕ್ಕೆ ಕರಿದಾರ ಕಟ್ಟಿದಾಗ, ಓದಿದವರ ಹಣೆಬರಹ ಇಷ್ಟೇ ಎಂದುಕೊಂಡಿದ್ದೆ. ಆ ದಾರದಿಂದ ಗಿಡಕ್ಕೇನೂ ಕೆಡುಕಾಗಲಿಲ್ಲ. ಮಾಡಿದವಳು ನಾನು.

ಬಕೆಟ್ ಉಜ್ಜುವಾಗ, ಬಸ್ಸಿಗೆ ಕಾಯುವಾಗ ಅದೇ ಪ್ರಶ್ನೆ ಕಿವಿಯಲ್ಲಿ. ಹಾಸ್ಟೆಲಿನಿಂದ ಬಂದ ಮಗ ತಟ್ಟೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಸುರಿಯುತ್ತೇನೆ. ಅರ್ಧಕ್ಕೇ ಎದ್ದು ಹೋದರೆ ಹಾಸ್ಟೆಲನ್ನು ಬೈಯುತ್ತೇನೆ, ನರ್ಸರಿಯನ್ನು ಬೈದಂತೆಯೇ. ಅವನ ಬಕೆಟ್ ಯಾವುದೆಂದು ಕೇಳಿಲ್ಲ.

ಗ್ರಂದಿಗೆ ಅಂಗಡಿಯಿಂದ ಅನ್ನಭೇದಿ, ಅಂದರೆ ಕಬ್ಬಿಣದ ಲವಣ, ತಂದಿದ್ದೇನೆ; ಹಿರಿಯರು ಹೇಳಿದಂತೆ, ನೀರಿನಲ್ಲಿ ಕರಗಿಸಿ, ಸ್ವಲ್ಪವೇ. ಮಳೆನೀರಿಗೆ ಸಜ್ಜೆಯ ಕೆಳಗೆ ಡ್ರಮ್ ಇಟ್ಟಿದ್ದೇನೆ. ನಿನ್ನೆ ರಾತ್ರಿ ಅಮ್ಮನ ಫೋನ್. ಗಿಡ ಹೇಗಿದೆ, ಬೂದಿ ಹಾಕಿದೆಯಾ ಎಂದಳು.

"ಹಾಕುತ್ತಿದ್ದೇನಮ್ಮ" ಎಂದೆ. ಮುಂದಿನ ವಾರ ಇನ್ನೊಂದು ಗಂಟು ಬರುತ್ತದೆ.